ಅರಸರ ರೋಲ್ಸ್-ರಾಯ್ಸ್

ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯವಾಳಿದ 1902ರಿಂದ 1940ರವರೆಗಿನ ಅವಧಿಯಲ್ಲಿ ಮೈಸೂರಿನ ಅರಮನೆಗೆ ರೋಲ್ಸ್-ರಾಯ್ಸ್ ಕಾರುಗಳು ಬಂದವು. ಮೈಸೂರಿನ ಅರಸರು ಅವುಗಳನ್ನು ಏಳೇಳರಂತೆ ಕೊಳ್ಳುತ್ತಿದ್ದರೆಂಬ ಮಾತು ಮೋಟಾರು ಪ್ರಿಯರಲ್ಲಿ ಇಂದಿಗೂ ಬಳಕೆಯಲ್ಲಿದೆ.

ಆ ಕಾರು ಸಿದ್ಧವಾಗುತ್ತಿದ್ದ ಬಗೆ ಕುತೂಹಲಕರವಾದುದು. 1925ರಲ್ಲಿ ಫ್ಯಾಂಟಮ್ ಬಂದಾಗಲೂ ಡರ್ಬಿಯ ಕಾರ್ಖಾನೆ ಒದಗಿಸುತ್ತಿದ್ದುದು ಇಂಜಿನ್ನು, ಚೌಕಟ್ಟು, ಚಕ್ರಗಳನ್ನು ಮಾತ್ರ. ಮೇಲಿನ ಒಡಲನ್ನು ಬಾರ್ಕರ್, ಹೂಪರ್ ಮೊದಲಾದ ಸಂಸ್ಥೆಗಳು ಕೊಳ್ಳುವವರ ಇಚ್ಛೆಯಂತೆ ಕಟ್ಟುತ್ತಿದ್ದವು. ಇವರು ಹಿಂದೆ ಕುದುರೆ ಸಾರೋಟುಗಳನ್ನು ಮಾಡುತ್ತಿದ್ದವರು. ಕೊರಟಗೆರೆ ಸೀಮೆಯ ಹೊಳವನಹಳ್ಳಿಯಂಥ ಊರುಗಳಲ್ಲಿ ಬಡಗಿ ಕೆತ್ತಿದ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದಂತೆ, ಅಲ್ಲಿಯೂ ಒಂದು ವಾಹನಕ್ಕೆ ಹಲವು ಕಸುಬುಗಳು ಕೂಡಬೇಕಾಗಿತ್ತು.

ಆದರೆ ಈ ವೈಭವದ ಹಿಂದೆ ರೈತನ ಕಂದಾಯವಿತ್ತೆಂಬುದನ್ನು ಮರೆಯಲಾಗದು. ಅದೇ ಆಳ್ವಿಕೆಯಲ್ಲಿ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯವೂ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಬಂದವು. ಕಟ್ಟೆಯ ನೀರು ಮಂಡ್ಯದ ಬಯಲನ್ನು ಹಸುರಾಗಿಸಿತು; ಹೊಳವನಹಳ್ಳಿಯ ಹೊಲಗಳಿಗೆ ಹರಿಯಲಿಲ್ಲ. ಅರಸರ ಲೆಕ್ಕವನ್ನು ತೂಗುವವರು ತಕ್ಕಡಿಯಲ್ಲಿ ಕಾರನ್ನೂ ಕಟ್ಟೆಯನ್ನೂ ಮಳೆಯನ್ನೇ ನಂಬಿದ ಈ ಹೊಲಗಳನ್ನೂ ಇಡಬೇಕು.

1971ರಲ್ಲಿ ರಾಜಧನ ರದ್ದಾಯಿತು. ಅರಸೊತ್ತಿಗೆಯ ಕಾಲದ ಕಾರುಗಳು ಈಗ ಸಂಗ್ರಾಹಕರ ಬಳಿ, ವಸ್ತುಸಂಗ್ರಹಾಲಯಗಳಲ್ಲಿ ಹೊಳೆಯುತ್ತಿವೆ. ಫಲಕಗಳಲ್ಲಿ ಒಡೆಯರ ಹೆಸರಿರುತ್ತದೆ. ಅವುಗಳನ್ನು ನಡೆಸಿದ ಚಾಲಕರ, ಕೆಟ್ಟಾಗ ಸರಿಪಡಿಸಿದ ಮೇಸ್ತ್ರಿಗಳ ನೆನಪನ್ನೂ ಅವರ ಮನೆಗಳಿಂದ ಬರೆದಿಟ್ಟುಕೊಂಡರೆ ಮಾತ್ರ ಆ ಚರಿತ್ರೆ ಪೂರ್ಣವಾದೀತು.