ಮನೆಯೊಳಗಿನ ಜಲಕೃಷಿ: ಒಂದು ಐತಿಹಾಸಿಕ ವಿವೇಚನೆ

ಮಣ್ಣಿನ ನೆರವಿಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಬೇರಿಳಿಯುವಂತೆ ಮಾಡಿ ಸಸ್ಯಗಳನ್ನು ಬೆಳೆಸುವ ವಿಧಾನಕ್ಕೆ ಹೈಡ್ರೋಪಾನಿಕ್ಸ್ ಎಂಬ ಹೆಸರು ರೂಢಿಯಲ್ಲಿದೆ. ಗ್ರೀಕ್ ಭಾಷೆಯಲ್ಲಿ ನೀರು, ದುಡಿಮೆ ಎಂಬರ್ಥದ ಎರಡು ಶಬ್ದಗಳು ಕೂಡಿ ಆದ ಈ ಪದವನ್ನು ನಾವು ಜಲಕೃಷಿ ಎನ್ನಬಹುದು. ನಗರಗಳಲ್ಲಿ ಹಿತ್ತಿಲೆಂಬುದು ಅಪರೂಪವಾಗಿರುವ ಇಂದು, ಮನೆಯ ಒಂದು ಕೋಣೆಯನ್ನೇ ಮೀಸಲಿಟ್ಟು, ತೊಟ್ಟಿ ಪಂಪು ದೀಪಗಳನ್ನು ಅಳವಡಿಸಿ ಸೊಪ್ಪು ತರಕಾರಿಗಳನ್ನು ಬೆಳೆಯಲು ಹೊರಟವರುಂಟು. ನಾನು ಕಂಡಮಟ್ಟಿಗೆ ಇವರು ನೀರು ಮತ್ತು ಲವಣಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸಿ, ದೀಪದ ಆಲೋಚನೆಯನ್ನು ಕೊನೆಗೆ ಬಿಡುತ್ತಾರೆ. ಈ ತಪ್ಪಿಗೆ ಹೆಸರೇ ಒಂದು ಕಾರಣವಾಗಿರಬೇಕು. ನೀರಿನ ಸಮಸ್ಯೆ 1860ರ ದಶಕದಲ್ಲಿಯೇ ಬಹುಮಟ್ಟಿಗೆ ಬಗೆಹರಿಯಿತು. ಬೆಳಕಿನ ಸಮಸ್ಯೆಗೆ ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಈ ಅಂತರವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜನಪ್ರಿಯ ಬರಹಗಳಲ್ಲಿ ಈ ವಿದ್ಯೆಯ ಮೂಲವನ್ನು ಬ್ಯಾಬಿಲೋನಿನ ತೂಗು ಉದ್ಯಾನಗಳಿಗೂ ಮೆಕ್ಸಿಕೋದ ಅಜ್ಟೆಕ್ ಜನರ ಚಿನಾಂಪಾ ತೋಟಗಳಿಗೂ ಒಯ್ಯುವುದು ವಾಡಿಕೆಯಾಗಿದೆ. ಇದಕ್ಕೆ ಆಧಾರವಿಲ್ಲ. ತೂಗು ಉದ್ಯಾನವನ್ನು ವರ್ಣಿಸುವ ಗ್ರೀಕ್ ಇತಿಹಾಸಕಾರ ಡಿಯೋಡೋರಸನು, ದೊಡ್ಡ ಮರಗಳ ಬೇರಿಗೂ ಸಾಲುವಷ್ಟು ಮಣ್ಣನ್ನು ಅಲ್ಲಿ ತುಂಬಿದ್ದರೆಂದೇ ಹೇಳುತ್ತಾನೆ. ಚಿನಾಂಪಾಗಳಾದರೋ ಕೆರೆಯ ತಳದ ಹೂಳನ್ನು ಎತ್ತಿ ಹಾಕಿದ ಮಡಿಗಳು. ಪ್ರಾಚೀನತೆಯ ಹಂಬಲದಿಂದ ವಂಶಾವಳಿಯನ್ನು ಹಿಗ್ಗಿಸುವ ಚಟ ರಾಜಮನೆತನಗಳಿಗೆ ಮಾತ್ರ ಮೀಸಲಾದುದಲ್ಲವೆಂದು ತೋರುತ್ತದೆ.

ನಿಜವಾದ ಆರಂಭ ಹದಿನೇಳನೆಯ ಶತಮಾನದ ಯೂರೋಪಿನದು. ವಾನ್ ಹೆಲ್ಮಾಂಟನು 200 ಪೌಂಡು ಒಣ ಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದನು. ಮರ 169 ಪೌಂಡು ತೂಗಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸು. ಸಸ್ಯದ ದೇಹವೆಲ್ಲ ನೀರಿನಿಂದಲೇ ಆದುದೆಂದು ಆತನು ತೀರ್ಮಾನಿಸಿದನು. 1648ರಲ್ಲಿ, ಆತನ ಮರಣಾನಂತರ ಪ್ರಕಟವಾದ ಈ ತೀರ್ಮಾನವನ್ನು ಇಂಗ್ಲೆಂಡಿನ ಜಾನ್ ವುಡ್‌ವರ್ಡ್ 1699ರಲ್ಲಿ ಅಲುಗಿಸಿದನು. ಆತನು ಪುದೀನ ಜಾತಿಯ ಗಿಡಗಳನ್ನು ಮಳೆನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕದಡಿದ ನೀರು ಮೊದಲಾದವುಗಳಲ್ಲಿ ಬೆಳೆಸಿ ತೂಗಿ ನೋಡಿದಾಗ, ಶುದ್ಧವಾದ ಮಳೆನೀರಿನಲ್ಲಿ ಬೆಳವಣಿಗೆ ಕಡಿಮೆಯಾಗಿಯೂ ಮಣ್ಣು ಬೆರೆತ ನೀರಿನಲ್ಲಿ ಗರಿಷ್ಠವಾಗಿಯೂ ಇದ್ದಿತು. ನೀರಿನಲ್ಲಿ ಕರಗಿದ ಆ ವಸ್ತು ಯಾವುದೆಂಬುದನ್ನು ನಿಶ್ಚಯಿಸಿದವರು 1860ರ ದಶಕದ ಜರ್ಮನ್ ವಿದ್ವಾಂಸರಾದ ಸಾಕ್ಸ್ ಮತ್ತು ಕ್ನೋಪ್. ಕ್ಯಾಲ್ಸಿಯಂ ನೈಟ್ರೇಟ್, ಪೊಟಾಸಿಯಂ ನೈಟ್ರೇಟ್, ಪೊಟಾಸಿಯಂ ಫಾಸ್ಫೇಟ್, ಮೆಗ್ನೀಷಿಯಂ ಸಲ್ಫೇಟ್, ಜೊತೆಗೆ ಸ್ವಲ್ಪ ಕಬ್ಬಿಣ: ಇಷ್ಟನ್ನು ಕರಗಿಸಿದರೆ ಮಣ್ಣಿಲ್ಲದೆಯೂ ಗಿಡ ಬೆಳೆಯುವುದೆಂದು ಅವರು ತೋರಿಸಿದರು. ಬೋರಾನ್, ಸತು, ತಾಮ್ರ, ಮಾಲಿಬ್ಡಿನಂ ಮೊದಲಾದವು ಅತ್ಯಲ್ಪ ಪ್ರಮಾಣದಲ್ಲಿ ಅಗತ್ಯವೆಂಬುದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಿಳಿದುಬಂದಿತು. ಇಂದು ಅಂಗಡಿಯಲ್ಲಿ ದೊರೆಯುವ ಯಾವ ಪೋಷಕ ದ್ರಾವಣವೂ ತತ್ತ್ವತಃ ಇದಕ್ಕಿಂತ ಬೇರೆಯಲ್ಲ.

ಪ್ರಯೋಗಶಾಲೆಯ ಈ ಉಪಕರಣವನ್ನು ಬೇಸಾಯವನ್ನಾಗಿ ಮಾಡಹೊರಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿಯಲ್ಲಿದ್ದ ವಿಲಿಯಂ ಗೆರಿಕೆ. ಅವರ ಮೊದಲ ಲೇಖನ 1929ರಲ್ಲಿ ಹೊರಬಂದಿತು. ಹೈಡ್ರೋಪಾನಿಕ್ಸ್ ಎಂಬ ಹೆಸರನ್ನು, ಸಹೋದ್ಯೋಗಿ ಸೆಚೆಲ್ ಅವರ ಸಲಹೆಯಂತೆ, 1937ರಲ್ಲಿ ಮುದ್ರಣಕ್ಕೆ ತಂದರು. ದ್ರಾವಣ ತುಂಬಿದ ತೊಟ್ಟಿ, ಅದರ ಮೇಲೆ ತಂತಿಯ ಬಲೆ, ಬಲೆಯ ಮೇಲೆ ಹುಲ್ಲು ಮತ್ತು ಮರದ ಹೊಟ್ಟಿನ ಹಾಸು, ಹಾಸಿನಲ್ಲಿ ನಿಂತ ಗಿಡ, ಕೆಳಗಿಳಿದ ಬೇರು: ಇದು ಅವರ ಕ್ರಮ. 25 ಅಡಿ ಎತ್ತರದ ಟೊಮೇಟೊ ಬಳ್ಳಿಗಳ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿದೊಡನೆ ವಿವರ ಕೇಳುವ ಪತ್ರಗಳ ಪ್ರವಾಹವೇ ಬಂದಿತು. ಇಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ವಿಶ್ವವಿದ್ಯಾನಿಲಯದ ಗಾಜಿನ ಮನೆಗಳು ತಮಗೆ ದೊರೆಯದಿದ್ದಾಗ ಗೆರಿಕೆಯವರು ತಮ್ಮ ಸೂತ್ರಗಳನ್ನು ಮನೆಯಲ್ಲಿಯೇ, ತಮ್ಮ ಸ್ವಂತ ವೇಳೆಯಲ್ಲಿ ರೂಪಿಸಿದ್ದರು. ಆದುದರಿಂದ ಅವನ್ನು ಒಡನೆ ಒಪ್ಪಿಸಬೇಕೆಂಬ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ಪರಿಷ್ಕರಿಸಲು ಸ್ಥಳವನ್ನೂ ಕಾಲಾವಕಾಶವನ್ನೂ ಬೇಡಿದರು. ವಿರಸ ಬೆಳೆದು ಅವರು ಹುದ್ದೆಯನ್ನು ಬಿಟ್ಟರು. 1940ರಲ್ಲಿ ಅವರ ಪುಸ್ತಕ ಪ್ರಕಟವಾಯಿತು.

ಈ ನಡುವೆ ಅದೇ ಸಂಸ್ಥೆಯ ಹೋಗ್‌ಲಂಡ್ ಮತ್ತು ಆರ್ನನ್ ಎಂಬ ವಿದ್ವಾಂಸರಿಗೆ ಗೆರಿಕೆಯವರ ಹೇಳಿಕೆಗಳನ್ನು ಪರೀಕ್ಷಿಸುವ ಕಾರ್ಯ ಒಪ್ಪಿಸಲ್ಪಟ್ಟಿತು. ಅವರ ವರದಿ 1938ರಲ್ಲಿ 347ನೆಯ ಸರ್ಕ್ಯುಲರ್ ಆಗಿ ಹೊರಟಿತು. 1950ರಲ್ಲಿ ಆರ್ನನ್ ಅದನ್ನು ಪರಿಷ್ಕರಿಸಿದರು. ಮಣ್ಣು, ಮರಳು, ದ್ರಾವಣ ಮೂರರಲ್ಲಿಯೂ ಒಂದೇ ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆದು ನೋಡಿದ ಅವರಿಗೆ ಇಳುವರಿಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಗಿಡಗಳನ್ನು ಎಷ್ಟು ಒತ್ತಾಗಿ ನೆಡಬಹುದೆಂಬುದನ್ನು ನಿರ್ಧರಿಸುವುದು ಪೋಷಕಗಳ ಲಭ್ಯತೆಯಲ್ಲ, ಬೆಳಕು ಎಂಬುದು ಅವರ ಮುಖ್ಯವಾದ ಮಾತು. ಗೆರಿಕೆಯವರ ಉತ್ಸಾಹಕ್ಕೆ ತಣ್ಣೀರೆರಚಿದ ಈ ವರದಿಯೇ ಜಲಕೃಷಿಯನ್ನು ಮನೆಮನೆಗೆ ಮುಟ್ಟಿಸಿತೆಂಬುದು ಇತಿಹಾಸದ ವಿನೋದಗಳಲ್ಲೊಂದು. ಏಕೆಂದರೆ ಸೂತ್ರವನ್ನು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಅಚ್ಚು ಹಾಕಿಸಿದರು. ಅವರ ಮೊದಲನೆಯ ದ್ರಾವಣದ ಮುಖ್ಯ ಲವಣಗಳನ್ನು 100 ಲೀಟರ್ ನೀರಿಗೆ ಲೆಕ್ಕ ಹಾಕಿದರೆ ಹರಳಿನ ರೂಪದ ಕ್ಯಾಲ್ಸಿಯಂ ನೈಟ್ರೇಟ್ 118 ಗ್ರಾಂ, ಪೊಟಾಸಿಯಂ ನೈಟ್ರೇಟ್ 51 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 49 ಗ್ರಾಂ, ಪೊಟಾಸಿಯಂ ಫಾಸ್ಫೇಟ್ 14 ಗ್ರಾಂ ಆಗುತ್ತದೆ. ಒಟ್ಟು ಕಾಲು ಕಿಲೋಗ್ರಾಮಿಗಿಂತಲೂ ಕಡಿಮೆ. ಗಾಢ ದ್ರಾವಣವನ್ನು ಕೂಡಿಡುವವರು ಕ್ಯಾಲ್ಸಿಯಂ ಲವಣವನ್ನು ಮಾತ್ರ ಬೇರೆ ಪಾತ್ರೆಯಲ್ಲಿಡಬೇಕು. ಇಲ್ಲವಾದರೆ ಸಲ್ಫೇಟು ಫಾಸ್ಫೇಟುಗಳೊಡನೆ ಸೇರಿ ತಳದಲ್ಲಿ ಗಷ್ಟಾಗಿ ಕೂರುತ್ತದೆ.

ಭಾರತದಲ್ಲಿ ಇದನ್ನು ಬಡವನ ಕೈಗೆಟುಕಿಸುವ ಪ್ರಯತ್ನ 1946-47ರ ಸುಮಾರಿಗೆ ಬಂಗಾಳದ ಕಾಲಿಂಪಾಂಗ್‌ನಲ್ಲಿ ನಡೆಯಿತು. ಷೋಲ್ಟೋ ಡಗ್ಲಾಸ್ ಅವರು ಪಂಪುಗಳ ಗೊಡವೆಯೇ ಬೇಡವೆಂದು, ಜಲ್ಲಿ ಮರಳು ತುಂಬಿದ ತೊಟ್ಟಿಗಳ ಮೇಲೆ ಒಣ ಲವಣವನ್ನು ಉದುರಿಸಿ ನೀರೆರೆಯುವ ಕ್ರಮವನ್ನು ರೂಪಿಸಿದರು. 1951ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಇದು ಬಂಗಾಳ ಪದ್ಧತಿಯೆಂದು ಹೆಸರಾಯಿತು. ಅವರ ಮಿತವ್ಯಯದ ಗುಟ್ಟು ಲವಣದಲ್ಲಿರಲಿಲ್ಲ. ತೊಟ್ಟಿಗಳು ಬಯಲಿನಲ್ಲಿದ್ದವು, ಬಿಸಿಲಿಗೆ ಬೆಲೆ ತೆರಬೇಕಾಗಿರಲಿಲ್ಲ.

ಬಿಸಿಲಿಗೆ ಬದಲಿಯನ್ನು ಹುಡುಕಿದವರ ಕಥೆ ಬೇರೊಂದು. ವಿದ್ಯುತ್ ಬೆಳಕಿನಿಂದ ಎಲೆಗೆ ಹಸಿರು ಬರುವುದೆಂದು ಫ್ರಾನ್ಸಿನ ಎರ್ವೆ ಮಾಂಗೋ 1861ರಲ್ಲಿಯೇ ತೋರಿಸಿದ್ದರು. ಇಂಗ್ಲೆಂಡಿನ ವಿಲಿಯಂ ಸೀಮನ್ಸ್ 1880ರಲ್ಲಿ ಡೈನಮೋ ಬಲದಿಂದ ಆರ್ಕ್ ದೀಪ ಉರಿಸಿ ಸಸ್ಯಗಳು ರಾತ್ರಿಯೂ ಬೆಳೆಯುವುದನ್ನು ರಾಯಲ್ ಸೊಸೈಟಿಯ ಗಮನಕ್ಕೆ ತಂದರು. ಮುಂದೆ ತಮ್ಮ ಹಳ್ಳಿಮನೆಯಲ್ಲಿಯೂ ಪ್ರಯೋಗವನ್ನು ಮುಂದುವರಿಸಿದರು. ಆದರೆ ಬರಿಯ ಆರ್ಕ್ ದೀಪ ಎಲೆಯನ್ನು ಸುಡುವುದೆಂದೂ ಗಾಜಿನ ತಡೆ ಬೇಕೆಂದೂ ಕಾರ್ನೆಲ್‌ನ ಬೆಯ್ಲಿ 1891ರ ವೇಳೆಗೆ ಕಂಡರು. 1938ರಲ್ಲಿ ಮಾರುಕಟ್ಟೆಗೆ ಬಂದ ಪ್ರತಿದೀಪ್ತಿಯ ಕೊಳವೆ ದೀಪ, ನಾವು ಟ್ಯೂಬ್‌ಲೈಟ್ ಎನ್ನುವುದು, ಮೊದಲ ಬಾರಿಗೆ ಗಿಡದ ಸಮೀಪದಲ್ಲಿಡಬಹುದಾದ ತಂಪು ಬೆಳಕನ್ನು ಒದಗಿಸಿತು. 1949ರಲ್ಲಿ ಪಾಸಡೀನದಲ್ಲಿ ವೆಂಟ್ ಅವರು ಸ್ಥಾಪಿಸಿದ ಫೈಟೋಟ್ರಾನಿನ ಕೋಣೆಗಳು ಇದನ್ನು ಬಳಸಿಕೊಂಡವು. 347ನೆಯ ಸರ್ಕ್ಯುಲರಿನ ಆರ್ನನ್ ಅವರೇ 1954ರಲ್ಲಿ, ಎಲೆಯಿಂದ ಬೇರ್ಪಡಿಸಿದ ಹರಿತ್ಕಣಗಳು ಬೆಳಕಿನ ಬಲದಿಂದ ರಾಸಾಯನಿಕ ಶಕ್ತಿಯನ್ನು ಕೂಡಿಸುವುದನ್ನು ಸಹೋದ್ಯೋಗಿಗಳೊಡನೆ ಕಂಡುಹಿಡಿದರು. ಬೇರಿನಿಂದ ಹೊರಟ ವಿದ್ವಾಂಸರು ಎಲೆಗೆ ಬಂದು ತಲುಪಿದರು. 1991ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ತಂಡವೊಂದು ಕೆಂಪು ಎಲ್‌ಇಡಿಗಳ ಕೆಳಗೆ ಲೆಟ್ಯೂಸ್ ಸೊಪ್ಪನ್ನು ಬೆಳೆದುದನ್ನು ವರದಿ ಮಾಡಿತು. ಆಗ ನೀಲಿಯ ಅಂಶಕ್ಕೆ ಟ್ಯೂಬ್‌ಲೈಟನ್ನೇ ಅವಲಂಬಿಸಬೇಕಾಗಿದ್ದಿತು. ಆ ಕೊರತೆಯನ್ನು ನೀಗಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈಗ ಮನೆಯ ಕೋಣೆಗೆ ಬರೋಣ. ಒಂದು ಚದರ ಮೀಟರ್ ಸೊಪ್ಪಿನ ಮಡಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬೆಳಕನ್ನು ದಿನಕ್ಕೆ 16 ಗಂಟೆ ಕೊಡುವುದೆಂದು ಇಟ್ಟುಕೊಳ್ಳೋಣ. ಮಧ್ಯಾಹ್ನದ ನೇರ ಬಿಸಿಲು ಇದರ ಸುಮಾರು ಹತ್ತರಷ್ಟು. ಒಂದು ಜೌಲ್ ವಿದ್ಯುತ್ತಿಗೆ 2.5 ಮೈಕ್ರೋಮೋಲ್ ನೀಡುವ ಎಲ್‌ಇಡಿ ದೀಪವಾದರೆ 80 ವ್ಯಾಟ್ ಬೇಕು, ದಿನಕ್ಕೆ 1.28 ಯೂನಿಟ್, ಮೂವತ್ತು ದಿನಕ್ಕೆ 38 ಯೂನಿಟ್ಟಿಗೂ ಮಿಕ್ಕು. ಟೊಮೇಟೊ ಬೆಳೆಯುವವರು ಇದನ್ನು ಇಮ್ಮಡಿಗೊಳಿಸಿಕೊಳ್ಳಬೇಕು. ಆದ್ದರಿಂದ ಕೋಣೆಯ ನಕ್ಷೆಯನ್ನು ದೀಪದಿಂದ ಆರಂಭಿಸುವುದು ಯುಕ್ತ: ಎಷ್ಟು ಬೆಳಕಿಗೆ ಹಣ ತೆರಬಲ್ಲೆವೋ ಅಷ್ಟೇ ಮಡಿ, ಮಡಿಗೆ ತಕ್ಕ ತೊಟ್ಟಿ. ಈ ಲೇಖಕನು ಈ ಕ್ರಮವನ್ನು ತಲೆಕೆಳಗು ಮಾಡಿ, ಕಿಟಕಿಯಿಂದ ದೂರದ ಮೂಲೆಯಲ್ಲಿ ದೊಡ್ಡ ತೊಟ್ಟಿಯನ್ನು ಕೂಡಿಸಿ, ಮೇಲೆ ಓದುವ ದೀಪವನ್ನು ತೂಗಹಾಕಿ ಪಾಲಕ್ ಬಿತ್ತಿದ್ದುಂಟು. ಬಂದದ್ದು ದಾರದಂಥ ಬಿಳಿಚಿದ ಕಾಂಡಗಳು. ಮನೆಯವರು ಅದಕ್ಕೆ ಹೋಗ್‌ಲಂಡರ ಹೆಸರನ್ನಲ್ಲ, ಈ ಲೇಖಕನ ಹೆಸರನ್ನೇ ಇಟ್ಟರು.

ದೀಪ ನುಂಗಿದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ. ಎಲೆ ಹೀರಿದ ನೀರು ಆವಿಯಾಗಿ ಗೋಡೆಯನ್ನು ನೆನೆಸುತ್ತದೆ. ಗಾಳಿಯನ್ನು ಹೊರದೂಡುವ ಫ್ಯಾನಿಗೆ ಗೋಡೆಯಲ್ಲಿ ಮೊದಲೇ ಕಂಡಿ ಬಿಡಿಸಬೇಕು. 200 ಲೀಟರಿನ ತೊಟ್ಟಿ ಎಂದರೆ 200 ಕಿಲೋಗ್ರಾಂ ಭಾರವೆಂಬುದನ್ನು ಮಾಳಿಗೆಯಲ್ಲಿರುವವರು ಮರೆಯಬಾರದು. ನೀರೂ ವಿದ್ಯುತ್ತೂ ಒಂದೇ ಕಡೆ ಇರುವುದರಿಂದ, ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಇ.ಎಲ್.ಸಿ.ಬಿ. ಸ್ವಿಚ್ಚು ಅನಿವಾರ್ಯ, ಪ್ಲಗ್ಗುಗಳು ನೀರಿನ ಮಟ್ಟಕ್ಕಿಂತ ಮೇಲಿರಬೇಕು. ತೊಟ್ಟಿಗೆ ಬೆಳಕು ತಾಗಿದರೆ ಪಾಚಿ ಕಟ್ಟುತ್ತದೆ. ಬೇರಿಗೆ ಉಸಿರಾಡಲು ಆಮ್ಲಜನಕ ಬೇಕು. 20 ಡಿಗ್ರಿ ಶಾಖದ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ ಹಿಡಿಯುತ್ತದೆ. ನಮ್ಮ ಬೇಸಗೆಯಲ್ಲಿ ಬೇರು ಕೊಳೆಯುವುದಕ್ಕೆ ಇದೊಂದು ಕಾರಣ. ಅಕ್ವೇರಿಯಂ ಅಂಗಡಿಯ ಸಣ್ಣ ಗಾಳಿಪಂಪು ಇದಕ್ಕೆ ಸಾಕು.

ನೀರಿನ ವಿಷಯದಲ್ಲಿ ಒಂದು ಮಾತು ಉಳಿದಿದೆ. ನಮ್ಮ ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದರಲ್ಲಿನ ಬೈಕಾರ್ಬೊನೇಟು ದ್ರಾವಣದ ಪಿ.ಎಚ್. ಅನ್ನು ಬೇಕಾದ 5.5ರಿಂದ 6.5ರ ಮಿತಿಗಿಂತ ಮೇಲಕ್ಕೆ ಎಳೆದು, ಕಬ್ಬಿಣವಿದ್ದೂ ಎಲೆ ಹಳದಿಯಾಗುವಂತೆ ಮಾಡುತ್ತದೆ. ಇಂಥ ಕಡೆ ತಾರಸಿಯಿಂದ ಹಿಡಿದಿಟ್ಟ ಮಳೆನೀರೇ ಉತ್ತಮ. ವುಡ್‌ವರ್ಡನ ಪುದೀನ ಸೊರಗಿದ್ದು ಈ ನೀರಿನಲ್ಲಿಯೇ. ಅಂದು ದೋಷವಾಗಿದ್ದ ಅದರ ಬರಿದುತನ, ಲವಣವನ್ನು ತಕ್ಕಡಿಯಲ್ಲಿ ತೂಗಿ ಹಾಕುವವನಿಗೆ ಅನುಕೂಲವೇ ಆಗಿದೆ.