ಮಳೆಯ ಋಣ: ಕುರ್‌ಆನಿನ ದೃಷ್ಟಾಂತಗಳು ಮತ್ತು ಕರ್ಮಶಾಸ್ತ್ರದ ನೀರು

ಕುರ್‌ಆನ್ ಪ್ರಕೃತಿಯ ಬಗ್ಗೆ ಆಡುವ ಮಾತುಗಳನ್ನು ದೇವರ ಇರವಿಗೆ ಕೊಟ್ಟ ಪುರಾವೆಗಳೆಂದು ಓದುವುದು ರೂಢಿ. ಮಳೆ, ಗಾಳಿ, ಹಗಲಿರುಳು, ದನಕರು, ಜೇನು ಎಲ್ಲವೂ ‘ಆಯತ್’ಗಳು, ಅಂದರೆ ದೃಷ್ಟಾಂತಗಳು, ಇವನ್ನು ಕಂಡವನು ಇವುಗಳ ಹಿಂದಿನ ಕರ್ತೃವನ್ನು ಅರಿಯಬೇಕು ಎಂಬುದು ಈ ಓದಿನ ಸಾರ. ‘ಅಲ್ ಅನ್‌ಕಬೂತ್’ ಅಧ್ಯಾಯದ 63ನೇ ಸೂಕ್ತ ಇದಕ್ಕೊಂದು ತೊಡಕು ಒಡ್ಡುತ್ತದೆ. ಆಕಾಶದಿಂದ ನೀರಿಳಿಸಿ ಸತ್ತ ನೆಲವನ್ನು ಬದುಕಿಸಿದವನು ಯಾರೆಂದು ಮಕ್ಕಾದ ವಿರೋಧಿಗಳನ್ನು ಕೇಳಿದರೆ ಅವರೂ ಅಲ್ಲಾಹನೆಂದೇ ಉತ್ತರಿಸುತ್ತಾರೆ ಎಂದು ಅಲ್ಲಿದೆ. ಭೂಮ್ಯಾಕಾಶಗಳ ಸೃಷ್ಟಿಯ ವಿಷಯದಲ್ಲಿ ‘ಲುಕ್ಮಾನ್’ ಅಧ್ಯಾಯದ 25ನೇ ಸೂಕ್ತದ್ದೂ ಇದೇ ಧಾಟಿ. ಎದುರಾಳಿ ಮೊದಲೇ ಒಪ್ಪಿಕೊಂಡ ಸಂಗತಿಗೆ ಇಷ್ಟೊಂದು ಸಾಕ್ಷಿ ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಮಳೆಯೊಂದನ್ನೇ ಹಿಡಿದು ಹೊರಟಿದ್ದೇನೆ. ಮಳೆಯ ದೃಷ್ಟಾಂತ ಸಾಧಿಸಲು ಹೊರಟಿರುವುದು ಮುಖ್ಯವಾಗಿ ಒಂದು ಋಣವನ್ನು ಎಂಬುದು ನನ್ನ ವಾದ. ಆ ಋಣವನ್ನು ಲೆಕ್ಕಕ್ಕೆ ತಂದ ಜಾಗ ತತ್ತ್ವಶಾಸ್ತ್ರವಲ್ಲ, ಕರ್ಮಶಾಸ್ತ್ರ.

ತತ್ತ್ವಶಾಸ್ತ್ರದ ಕಡೆಯಿಂದ ಈ ಸೂಕ್ತಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿದವರು ಇಬ್ನ್ ರುಷ್ದ್ (1126–1198). ‘ಅಲ್ ಕಷ್ಫ್ ಅನ್ ಮನಾಹಿಜಿಲ್ ಅದಿಲ್ಲ’ ಗ್ರಂಥದಲ್ಲಿ ಅವರು ಎರಡು ಬಗೆಯ ಪ್ರಮಾಣಗಳನ್ನು ಗುರುತಿಸುತ್ತಾರೆ. ಜಗತ್ತು ಮನುಷ್ಯನ ಬದುಕಿಗೆ ಹೊಂದುವಂತಿರುವುದು ಒಂದು, ಅದು ‘ಇನಾಯತ್’, ಅಂದರೆ ಪಾಲನೆಯ ಪ್ರಮಾಣ. ಇಲ್ಲದ್ದು ಉಂಟಾಗುವುದು ಇನ್ನೊಂದು, ಅದು ‘ಇಖ್ತಿರಾಅ್’, ಅಂದರೆ ಸೃಷ್ಟಿಯ ಪ್ರಮಾಣ. ಕೆಲವು ಸೂಕ್ತಗಳು ಮೊದಲನೆಯದಕ್ಕೆ, ಕೆಲವು ಎರಡನೆಯದಕ್ಕೆ ಸೇರುತ್ತವೆ, ಉಳಿದವುಗಳಲ್ಲಿ ಎರಡೂ ಬೆರೆತಿವೆ ಎಂಬುದು ಅವರ ಎಣಿಕೆ. ವಾದಕ್ಕೆ ಇಳಿದ ಕಲಾಮ್ (ದೇವತಾಶಾಸ್ತ್ರ) ಪಂಡಿತರ ಜಟಿಲ ತರ್ಕಕ್ಕಿಂತ ಇದು ಸಾಮಾನ್ಯನಿಗೂ ತಿಳಿಯುವ ದಾರಿ, ಸಂದೇಹವಿಲ್ಲ. ಆದರೆ ಪ್ರಮಾಣವನ್ನು ಒಪ್ಪಿದ ಮೇಲೆ ಕೇಳುಗ ಏನು ಮಾಡಬೇಕು ಎಂಬುದು ಈ ವಿಂಗಡಣೆಯ ಹೊರಗೇ ಉಳಿಯಿತು. ಕುರ್‌ಆನ್ ಅದನ್ನು ಹೊರಗಿಟ್ಟಿಲ್ಲ. ‘ಅನ್ನಹ್ಲ್’ ಅಧ್ಯಾಯದಲ್ಲಿ ಮಳೆ, ಹಾಲು, ಖರ್ಜೂರ, ದ್ರಾಕ್ಷಿ, ಜೇನು ಒಂದರ ಬೆನ್ನಿಗೊಂದು ಬರುತ್ತವೆ (16:65–69). ಅದೇ ಅಧ್ಯಾಯದ 18ನೇ ಸೂಕ್ತ ಅನುಗ್ರಹಗಳು ಎಣಿಕೆಗೆ ಸಿಗವೆಂದು ಮೊದಲೇ ಹೇಳಿಬಿಟ್ಟಿದೆ. ಪುರಾವೆಯನ್ನು ಎಣಿಸಬಹುದು. ಎಣಿಸಿ ಮುಗಿಯದಂಥದ್ದು ಸಾಲವೇ ಇರಬೇಕು.

ಮಕ್ಕಾದವರು ಒಪ್ಪದಿದ್ದ ಸಂಗತಿಗಳಲ್ಲಿ ಮುಖ್ಯವಾದದ್ದು ಪುನರುತ್ಥಾನ. ಒಣ ಕಣಿವೆಯ ಆ ಊರಿನ ಸುತ್ತ ಬೇಸಾಯವಿಲ್ಲ ಎಂಬುದನ್ನು ಪ್ರವಾದಿ ಇಬ್ರಾಹೀಮರ ಪ್ರಾರ್ಥನೆಯಲ್ಲೇ ಕುರ್‌ಆನ್ ದಾಖಲಿಸಿದೆ (14:37). ಅಂಥ ನೆಲದಲ್ಲಿ ಒಂದು ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹಸಿರು ಕಾಣಿಸಿಕೊಂಡು ಮತ್ತೆ ಒಣಗಿಹೋಗುತ್ತದೆ. ಮಳೆ ಇಲ್ಲಿ ಪುನರುತ್ಥಾನದ ವಾದಕ್ಕೆ ಸಿದ್ಧ ಸಾಮಗ್ರಿ. 7:57, 22:5, 30:50, 35:9, 41:39, 43:11, 50:11 ಹೀಗೆ ಮತ್ತೆ ಮತ್ತೆ ಸತ್ತ ನೆಲ ಬದುಕಿದಂತೆಯೇ ಸತ್ತವರು ಏಳುತ್ತಾರೆ ಎಂಬ ಮಾತು ಬರುತ್ತದೆ. ಇವುಗಳಲ್ಲಿ 43:11 ಒಂದು ಮಾತನ್ನು ಸೇರಿಸುತ್ತದೆ: ನೀರು ಇಳಿಯುವುದು ಅಳತೆಗೆ ತಕ್ಕಂತೆ. ಸತ್ತವನನ್ನು ಎಬ್ಬಿಸುವುದು ಏಕೆ? ಲೆಕ್ಕ ಕೇಳುವುದಕ್ಕೆ. ಅಳತೆ ಮಾಡಿ ಕೊಟ್ಟವನು ಅಳೆದೇ ಕೇಳುತ್ತಾನೆ ಎಂಬ ಸೂಚನೆ ಇಲ್ಲಿದೆ ಎಂದು ನನಗನಿಸುತ್ತದೆ.

ಇಪ್ಪತ್ತನೆಯ ಶತಮಾನದ ವೈಜ್ಞಾನಿಕ ವ್ಯಾಖ್ಯಾನಗಳು ಈ ಸೂಕ್ತಗಳಿಂದ ಬೇರೆಯೇ ಒಂದನ್ನು ತೆಗೆದವು. ಈಜಿಪ್ಟಿನ ತಂತಾವಿ ಜೌಹರಿ (ನಿಧನ 1940) ತಮ್ಮ ‘ಅಲ್ ಜವಾಹಿರ್’ ವ್ಯಾಖ್ಯಾನದಲ್ಲಿ ಪ್ರಕೃತಿ ವಿಜ್ಞಾನವನ್ನೇ ತುಂಬಿದರು. ಫ್ರಾನ್ಸಿನ ವೈದ್ಯ ಮೌರಿಸ್ ಬುಕೈ 1976ರ ತಮ್ಮ ಪುಸ್ತಕದಲ್ಲಿ ಜಲಚಕ್ರದ ಆಧುನಿಕ ತಿಳಿವಳಿಕೆಗೂ ಈ ಸೂಕ್ತಗಳಿಗೂ ತಾಳೆ ಹಾಕಿದರು. ತಾಳೆಯಾಯಿತೋ ಇಲ್ಲವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಆ ಸೂಕ್ತಗಳನ್ನು ಮೊದಲು ಕೇಳಿದವರಿಗೆ ಮೋಡ ಹೇಗಾಗುತ್ತದೆ ಎಂಬುದು ವಿವಾದದ ವಿಷಯವೇ ಆಗಿರಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

‘ಅಲ್ ವಾಕಿಅ’ ಅಧ್ಯಾಯದ 58ರಿಂದ 73ರವರೆಗಿನ ಸೂಕ್ತಗಳಲ್ಲಿ ಋಣದ ಮಾತು ನೇರವಾಗಿಯೇ ಬರುತ್ತದೆ. ಅಲ್ಲಿ ನಾಲ್ಕು ಪ್ರಶ್ನೆಗಳಿವೆ. ನೀವು ಸ್ರವಿಸುವ ವೀರ್ಯದಿಂದ ಮನುಷ್ಯನನ್ನು ರೂಪಿಸಿದವರು ನೀವೋ ನಾವೋ? ನೀವು ಬಿತ್ತಿದ್ದನ್ನು ಬೆಳೆಸಿದವರು ಯಾರು? ಕುಡಿಯುವ ನೀರನ್ನು ಮೋಡದಿಂದ ಇಳಿಸಿದವರು ಯಾರು? ನೀವು ಹೊತ್ತಿಸುವ ಬೆಂಕಿಯ ಮರವನ್ನು ಉಂಟುಮಾಡಿದವರು ಯಾರು? ಬೆಳೆಯನ್ನು ಒಣಹೊಟ್ಟಾಗಿಸಬಹುದಿತ್ತು, ನೀರನ್ನು ಉಪ್ಪಾಗಿಸಬಹುದಿತ್ತು ಎಂಬ ಎಚ್ಚರಿಕೆ ನಡುವೆ ಬರುತ್ತದೆ. ಬಿತ್ತುವವನು ಮನುಷ್ಯನೇ ಎಂಬುದನ್ನು ಸೂಕ್ತ ಅಲ್ಲಗಳೆಯುವುದಿಲ್ಲ. ಅವನ ಕೈ ಎಲ್ಲಿಯವರೆಗೆ, ಅದರಾಚೆ ಯಾರ ಕೈ ಎಂಬ ಗಡಿಯನ್ನು ಕೇಳುತ್ತದೆ. ಅದೇ ಅಧ್ಯಾಯದ 82ನೇ ಸೂಕ್ತ ಜೀವನಾಧಾರವನ್ನು ಪಡೆದವರು ತೀರಿಸುವುದು ನಿರಾಕರಣೆಯಿಂದಲೇ ಎಂದು ಚುಚ್ಚುತ್ತದೆ. ಹಲವು ವ್ಯಾಖ್ಯಾನಕಾರರು ಇದನ್ನು ಮಳೆನಕ್ಷತ್ರಗಳ ನಂಬಿಕೆಗೆ ಜೋಡಿಸಿದ್ದಾರೆ. ಹುದೈಬಿಯಾದಲ್ಲಿ ಒಂದು ರಾತ್ರಿ ಮಳೆಯಾದ ಮೇಲೆ, ಇಂಥ ನಕ್ಷತ್ರದಿಂದ ಮಳೆ ಬಂತೆನ್ನುವವನು ದೇವರನ್ನು ನಿರಾಕರಿಸಿದಂತೆ ಎಂದು ಪ್ರವಾದಿ ಮುಹಮ್ಮದ್ ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡೂ ಹದೀಸ್ (ಪ್ರವಾದಿವಚನ) ಸಂಗ್ರಹಗಳಲ್ಲಿದೆ. ಮಳೆಯ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು ಎಂಬುದೇ ಅಲ್ಲಿಯ ತಕರಾರು.

ಋಣ ತೀರಿಸುವುದು ಬಾಯಿಮಾತಿನಿಂದ ಆಗುವುದಲ್ಲ. ಗಝಾಲಿ (ನಿಧನ 1111) ‘ಇಹ್ಯಾ’ದ ಸಹನೆ-ಕೃತಜ್ಞತೆಗಳ ಭಾಗದಲ್ಲಿ ಕೃತಜ್ಞತೆಗೆ ಅರಿವು, ಮನಸ್ಸಿನ ಸ್ಥಿತಿ, ಕ್ರಿಯೆ ಎಂಬ ಮೂರು ಅಂಗಗಳನ್ನು ಹೇಳುತ್ತಾರೆ. ಕ್ರಿಯೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಅಲ್ ಕಲಮ್’ ಅಧ್ಯಾಯದ ತೋಟದ ಒಡೆಯರ ಕಥೆ ಇದೆ (68:17–33). ಬಡವರಾರೂ ಒಳಗೆ ಕಾಲಿಡದಂತೆ ಬೆಳಗಾಗುತ್ತಲೇ ಫಲ ಕೊಯ್ಯೋಣವೆಂದು ಅವರು ಆಣೆ ಇಡುತ್ತಾರೆ. ಅವರು ಮಲಗಿದ್ದಾಗಲೇ ತೋಟ ನಾಶವಾಗುತ್ತದೆ. ಅವರ ತಂದೆ ಬಡವರ ಪಾಲನ್ನು ತಪ್ಪದೆ ಕೊಡುತ್ತಿದ್ದನೆಂದೂ ತೋಟ ಯೆಮನ್‌ನಲ್ಲಿತ್ತೆಂದೂ ವ್ಯಾಖ್ಯಾನಕಾರರು ಸೇರಿಸುತ್ತಾರೆ. ಈ ಒಡೆಯರು ದೇವರನ್ನು ಅಲ್ಲಗಳೆದವರೇನಲ್ಲ. ಬಡವನ ಪಾಲು ತಪ್ಪಿಸಹೊರಟಿದ್ದೇ ಅವರ ಅಪರಾಧ. ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಟ್ಟುಬಿಡಿ ಎಂಬ ಆದೇಶ 6:141ರಲ್ಲಿದೆ, ಅದೂ ಬಳ್ಳಿ, ಖರ್ಜೂರ, ಆಲಿವ್, ದಾಳಿಂಬೆಗಳನ್ನು ಹೆಸರಿಸಿದ ವಾಕ್ಯದಲ್ಲೇ. ದೃಷ್ಟಾಂತ ಮತ್ತು ಆದೇಶ ಒಂದೇ ಉಸಿರಿನಲ್ಲಿ ಬಂದಿವೆ.

ಆ ಹಕ್ಕು ಎಷ್ಟು? ಇಬ್ನ್ ಉಮರ್ ವರದಿ ಮಾಡಿ ಬುಖಾರಿ ಸಂಗ್ರಹಿಸಿದ ಹದೀಸ್ ಹೇಳುತ್ತದೆ: ಮಳೆ ಅಥವಾ ಊಟೆಯ ನೀರಿನಿಂದ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ನಮ್ಮ ಕಪಿಲೆಯಲ್ಲಿ ಎತ್ತು ಮಾಡುವ ಕೆಲಸವನ್ನು ಅಲ್ಲಿ ಒಂಟೆ ಮಾಡುತ್ತಿತ್ತು. ಹತ್ತರಲ್ಲೊಂದಕ್ಕೆ ಉಶ್ರ್ ಎಂದು ಹೆಸರು. ಶ್ರಮ ಮತ್ತು ಖರ್ಚು ಹೆಚ್ಚಿದಂತೆ ಪಾಲು ಇಳಿಯುತ್ತದೆ ಎಂದು ಕರ್ಮಶಾಸ್ತ್ರಜ್ಞರು ಕಾರಣ ಕೊಟ್ಟರು. ವರ್ಷದ ಅರ್ಧ ಮಳೆ, ಅರ್ಧ ಏತದ ನೀರಾದರೆ? ಉಶ್ರ್‌ನ ಮುಕ್ಕಾಲು ಭಾಗ, ಅಂದರೆ ನೂರಕ್ಕೆ ಏಳೂವರೆ, ಎಂದು ‘ಅಲ್ ಮುಗ್ನಿ’ಯಲ್ಲಿ ಇಬ್ನ್ ಕುದಾಮ ಲೆಕ್ಕ ಹಾಕುತ್ತಾರೆ. ಧಾನ್ಯದ ಅಳತೆಯಲ್ಲಿ ಐದು ವಸ್ಕ್‌ಗಿಂತ ಕಡಿಮೆ ಬೆಳೆಗೆ ಏನೂ ಇಲ್ಲವೆಂಬುದು ಬಹುಮತ. ಇಮಾಮ್ ಅಬೂ ಹನೀಫಾ ಆ ಮಿತಿಯನ್ನೂ ಒಪ್ಪಲಿಲ್ಲ.

ನಮ್ಮ ಭೂಕಂದಾಯದ ಪದ್ಧತಿ ಬಲ್ಲವರಿಗೆ ಇದು ತಲೆಕೆಳಗಾಗಿ ಕಾಣಬೇಕು. ಖುಷ್ಕಿ ಜಮೀನಿಗೆ ಕಡಿಮೆ ಕಂದಾಯ, ತರಿಗೆ ಹೆಚ್ಚು ಎಂಬುದು ನಮ್ಮಲ್ಲಿಯ ನಡವಳಿಕೆ. ಸರ್ಕಾರ ನೋಡುವುದು ಇಳುವರಿಯನ್ನು. ಉಶ್ರ್‌ನಲ್ಲಿ ಮಳೆಯಾಧಾರಿತ ಬೆಳೆಯ ಮೇಲೇ ಭಾರ ಹೆಚ್ಚು, ಏಕೆಂದರೆ ಅಲ್ಲಿ ಬಿಟ್ಟಿ ಬಂದದ್ದು ಹೆಚ್ಚು. ‘ಅಲ್ ವಾಕಿಅ’ ಪ್ರಶ್ನೆಯಾಗಿ ಕೇಳಿದ ಗಡಿಗೆ ಇಲ್ಲಿ ಅಂಕಿ ಸಿಕ್ಕಿದೆ.

ಅದೇ ಅಧ್ಯಾಯದ ಕೊನೆಯ ಮೂರು ಪ್ರಶ್ನೆಗಳನ್ನು ಇನ್ನೊಂದು ಹದೀಸಿನ ಪಕ್ಕದಲ್ಲಿಟ್ಟು ನೋಡಬೇಕು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಮುಸ್ಲಿಮರು ಪಾಲುದಾರರು ಎಂದು ಅಬೂ ದಾವೂದರ ಸಂಗ್ರಹದಲ್ಲಿದೆ. ಸೂಕ್ತದಲ್ಲಿರುವುದು ಬಿತ್ತಿದ ಬೆಳೆ, ಹದೀಸಿನಲ್ಲಿರುವುದು ತಾನಾಗಿ ಬೆಳೆದ ಹುಲ್ಲು; ಮಿಕ್ಕೆರಡು ಒಂದೇ. ಹದೀಸ್ ಆ ಸೂಕ್ತದಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ನೀರು-ಮೇವು-ಬೆಂಕಿ ಮರುಭೂಮಿಯ ಪಯಣಿಗನ ಮೂರು ಅಗತ್ಯಗಳು. ಬೆಂಕಿಯನ್ನು ಪಯಣಿಗರ ಸೌಲಭ್ಯವೆಂದು ಸೂಕ್ತವೇ ಕರೆದಿದೆ (56:73). ಆದರೂ ಒಂದು ಕಡೆ ಮನುಷ್ಯ ಉಂಟುಮಾಡಲಾರದ್ದೆಂದು ಹೇಳಿದ್ದನ್ನು ಇನ್ನೊಂದು ಕಡೆ ಅವನೊಬ್ಬನೇ ಕಟ್ಟಿಟ್ಟುಕೊಳ್ಳಲಾರದ್ದೆಂದು ಹೇಳಿರುವುದು ಒಂದೇ ಯೋಚನೆಯ ಎರಡು ಹೆಜ್ಜೆಗಳಂತೆ ತೋರುತ್ತದೆ. ಒಟೊಮನ್ ಸಾಮ್ರಾಜ್ಯ 1869–76ರಲ್ಲಿ ‘ಮಜಲ್ಲ’ ಎಂಬ ನಾಗರಿಕ ಸಂಹಿತೆ ಹೊರತಂದಾಗ ಅದರ 1234ನೇ ಕಲಮಿನಲ್ಲಿ ಇದೇ ಮೂರನ್ನು ಎಲ್ಲ ಜನರಿಗೂ ಸಮಾನವೆಂದು ಬರೆಯಿತು. ಹದೀಸಿನಲ್ಲಿ ‘ಮುಸ್ಲಿಮರು’ ಎಂದಿದ್ದ ಕಡೆ ಸಂಹಿತೆಯಲ್ಲಿ ಜನರೆಲ್ಲರೂ ಬಂದರು.

ಮಳೆ ಬಾರದಿದ್ದಾಗ? ‘ಇಸ್ತಿಸ್ಕಾ’ ಎಂಬ ಮಳೆಬೇಡಿಕೆಯ ನಮಾಜಿದೆ. ಊರಾಚೆಯ ಬಯಲಿನಲ್ಲಿ ಎರಡು ರಕಅತ್, ಮೇಲುಹೊದಿಕೆಯನ್ನು ಮಗುಚಿ ಹೊದೆಯುವುದು ಪ್ರವಾದಿಯ ಕ್ರಮ. ಮಳೆ ಕೈಕೊಟ್ಟ ವರ್ಷ ನಮ್ಮ ಬಯಲುಸೀಮೆಯ ಈದ್ಗಾಗಳಲ್ಲೂ ಇದು ನಡೆಯುತ್ತದೆ. ಹಿಜರಿ 18ರ (ಕ್ರಿ.ಶ. 639) ಭೀಕರ ಬರಕ್ಕೆ ಅರಬರು ‘ಬೂದಿಯ ವರ್ಷ’ ಎಂದು ಹೆಸರಿಟ್ಟರು, ಬರಗಾಲಗಳಲ್ಲಿ ಖಲೀಫ ಉಮರ್ ಪ್ರವಾದಿಯ ಚಿಕ್ಕಪ್ಪ ಅಬ್ಬಾಸರನ್ನು ಮುಂದಿಟ್ಟುಕೊಂಡು ಮಳೆ ಬೇಡಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಅಬೂ ಹನೀಫಾ ಸಾಮೂಹಿಕ ನಮಾಜಿಗಿಂತ ಪಾಪಕ್ಷಮೆಯ ಬೇಡಿಕೆಗೇ ಒತ್ತು ಕೊಟ್ಟರು. ಕ್ಷಮೆ ಬೇಡಿ, ಆಕಾಶ ಸುರಿಯುತ್ತದೆ ಎಂದು ಪ್ರವಾದಿ ನೂಹ್ ತಮ್ಮ ಜನಕ್ಕೆ ಹೇಳಿದ್ದು (71:10–11) ಅವರಿಗೆ ಆಧಾರ. ಅವರ ಶಿಷ್ಯರೇ ಇದನ್ನು ಪೂರ್ತಿ ಒಪ್ಪಲಿಲ್ಲ.

‘ಅಲ್ ಮುಲ್ಕ್’ ಅಧ್ಯಾಯದ ಕೊನೆಯ ಸೂಕ್ತ, ನಿಮ್ಮ ನೀರು ನೆಲದಾಳಕ್ಕೆ ಇಳಿದುಹೋದರೆ ಹರಿಯುವ ನೀರನ್ನು ತಂದುಕೊಡುವವರು ಯಾರು ಎಂದು ಕೇಳುತ್ತದೆ. ಕರ್ಮಶಾಸ್ತ್ರ ಈ ನೆಲದಡಿಯ ನೀರಿಗೂ ನಿಯಮ ಮಾಡಿತು. ಬಾವಿ ತೋಡಿದವನಿಗೆ ಮೊದಲ ಹಕ್ಕು. ಅವನ ಅಗತ್ಯ ಮೀರಿ ಉಳಿದ ನೀರನ್ನು ಬಾಯಾರಿದ ಮನುಷ್ಯನಿಗೂ ಜಾನುವಾರಿಗೂ ತಡೆಯುವಂತಿಲ್ಲ. ಹನಫಿಗಳು ಇದನ್ನು ‘ಶಫ’ದ ಹಕ್ಕೆಂದು ಕರೆದರು. ಆದರೆ ಪಕ್ಕದವನ ಬೆಳೆ ಒಣಗುತ್ತಿದ್ದರೆ? ಜಾನುವಾರಿಗೆ ಕೊಡಬೇಕು, ಬೆಳೆಗೆ ಕೊಡಲೇಬೇಕೆಂದಿಲ್ಲ ಎಂದು ಶಾಫಿಈ ಪಂಡಿತರು ಅಲ್ಲಿಗೆ ನಿಲ್ಲಿಸಿದರು. ಇಮಾಮ್ ಅಹ್ಮದ್‌ರ ಹೆಸರಿನಲ್ಲಿ ಎರಡೂ ಅಭಿಪ್ರಾಯಗಳು ದಾಖಲಾಗಿವೆ. ಜಾನುವಾರಿಗೆ ತನ್ನದೇ ಆದ ಜೀವದ ಹಕ್ಕಿದೆ, ಬೆಳೆಗೆ ಅದಿಲ್ಲ ಎಂಬುದು ಒಂದು ಕಡೆಯ ವಾದ. ಬೆಳೆ ಒಣಗಿದರೆ ಅದನ್ನೇ ನಂಬಿದವನ ಗತಿಯೇನು ಎಂಬುದು ಇನ್ನೊಂದು ಕಡೆಯದು. ಕೊಳವೆಬಾವಿಗಳ ಕಾಲದಲ್ಲಿ ಈ ಹಳೆಯ ತಕರಾರನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾದವರು ‘ಅಲ್ ಮುಲ್ಕ್’ನ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಅದನ್ನು ಓದಬೇಕಾಗುತ್ತದೆ.