ಮುಂಬಯಿಯ ತುಳುವರು: ವಲಸೆ, ವಸತಿ ಮತ್ತು ಆಚರಣಾ ಲೋಕ

ತುಳುವರ ಬೇಶ ತಿಂಗಳ ಹತ್ತನೆಯ ದಿನವನ್ನು ಪತ್ತನಾಜೆ ಎನ್ನುತ್ತಾರೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಈ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮ, ಜಾತ್ರೆಗಳು ಮಳೆಗಾಲ ಕಳೆಯುವವರೆಗೆ ವಿರಮಿಸುತ್ತವೆ. ಮಂಗಳೂರಿನಿಂದ ಮುಂಬಯಿಗೆ ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಸಾಗುತ್ತಿದ್ದ ಹಡಗುಗಳೂ ಹೆಚ್ಚುಕಡಿಮೆ ಇದೇ ವೇಳೆಗೆ ಸಂಚಾರ ನಿಲ್ಲಿಸುತ್ತಿದ್ದವು. ಮುಂಬಯಿಯಿಂದ ಬೇಸಗೆಯಲ್ಲಿ ಊರ ನೇಮಕ್ಕೆಂದು ಬಂದವನು ಕಡಲು ಕೆರಳುವ ಮುನ್ನ ಹಿಂದಿರುಗಬೇಕಿತ್ತು. ತಪ್ಪಿದರೆ ಘಟ್ಟ ಹತ್ತಿ ರೈಲು ಹಿಡಿಯುವ ಸುತ್ತುದಾರಿಯೇ ಗತಿ. ಆಚರಣೆಯ ಪಂಚಾಂಗ ಮತ್ತು ಪ್ರಯಾಣದ ಪಂಚಾಂಗ ಹೀಗೆ ಒಂದೇ ಮಳೆಗೆ ಬದ್ಧವಾಗಿದ್ದುದು ತುಳುವರ ಮುಂಬಯಿ ವಲಸೆಯನ್ನು ಅರ್ಥಮಾಡಿಕೊಳ್ಳಲು ಒಂದು ಮುಖ್ಯ ಕೀಲಿಕೈ. ಈ ವಲಸೆಯನ್ನು ಸಾಮಾನ್ಯವಾಗಿ ಹೋಟೆಲ್ ಉದ್ಯಮದ ಯಶೋಗಾಥೆಯಾಗಿ ಹೇಳಲಾಗಿದೆ. ನೆಲಕ್ಕೆ ಅಂಟಿಕೊಂಡ ದೈವಗಳನ್ನು ನಂಬಿದ ಸಮುದಾಯವೊಂದು ನೆಲವೇ ಸಿಗದ ನಗರದಲ್ಲಿ ಹೇಗೆ ಬದುಕಿತು ಎಂಬ ಪ್ರಶ್ನೆಗೆ ಆ ಕಥನದಲ್ಲಿ ಎಡೆ ದೊರೆತಿಲ್ಲ.

ಆಡಳಿತದ ದೃಷ್ಟಿಯಿಂದ ನೋಡಿದರೆ ತುಳುನಾಡಿಗೆ ಮುಂಬಯಿ ಹತ್ತಿರದ ನಗರವಲ್ಲ. 1799ರ ನಂತರ ಕಂಪನಿಯ ಕೈಸೇರಿದ ಕೆನರಾ ಮದರಾಸು ಪ್ರಾಂತ್ಯಕ್ಕೆ ಒಳಪಟ್ಟಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದರೂ ದಕ್ಷಿಣ ಕನ್ನಡ 1956ರವರೆಗೆ ಮದರಾಸಿನಲ್ಲಿಯೇ ಉಳಿಯಿತು. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೂಡ ಮದರಾಸಿನ ಕಡೆಯದು. ಕರಾವಳಿಯನ್ನು ಹಿಡಿದು ಮುಂಬಯಿಗೆ ಹೋಗುವ ಕೊಂಕಣ ರೈಲುದಾರಿ ಪೂರ್ಣಗೊಂಡದ್ದು 1998ರ ಜನವರಿಯಲ್ಲಿ. ಕಚೇರಿ, ಕಾಗದಪತ್ರಗಳೆಲ್ಲ ಮದರಾಸಿನತ್ತ ಮುಖ ಮಾಡಿದ್ದಾಗಲೂ ಜನರು ಕಡಲದಾರಿಯಲ್ಲಿ ಮುಂಬಯಿಗೆ ಹೋದರು. ರಾಜಧಾನಿಯ ದಾರಿಗಿಂತ ಸರಕಿನ ದಾರಿಯೇ ಜನರಿಗೆ ಹೆಚ್ಚು ಪರಿಚಿತವಾಗಿತ್ತು ಎಂದು ಇದನ್ನು ವಿವರಿಸಬಹುದು.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗಾಗಲೇ ಅಲ್ಲಿ ತುಳುವರು ಸಂಘಟಿತರಾಗುವಷ್ಟು ಸಂಖ್ಯೆಯಲ್ಲಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಸ್ಥಾಪನೆಯಾಯಿತು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಬಂದವು. ಇದೇ ಅವಧಿಯಲ್ಲಿ ಮೈಸೂರು ಅಸೋಸಿಯೇಶನ್ (1926) ಮತ್ತು ಕರ್ನಾಟಕ ಸಂಘ (1933) ಕನ್ನಡದ ಹೆಸರಿನಲ್ಲಿ ಹುಟ್ಟಿದವು. ಹೋಟೆಲಿನಲ್ಲಿ ಒಂದೇ ಮೋರಿಯ ಬಳಿ ಕುಳಿತು ಕಪ್ಪುಬಸಿ ತೊಳೆದ ಹುಡುಗರು ಭಾನುವಾರ ಬೇರೆ ಬೇರೆ ಜಾತಿಗಳ ಸಭೆಗಳಿಗೆ ಹೋಗುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ನಗರವು ಜಾತಿಯನ್ನು ಕರಗಿಸುತ್ತದೆ ಎಂಬ ನಂಬಿಕೆಗೆ ಮುಂಬಯಿಯ ಈ ಸಂಘಗಳ ಚರಿತ್ರೆ ಅಷ್ಟು ಸುಲಭದ ಪುರಾವೆಯಾಗಲಾರದು. ಅದೇ ವೇಳೆ ಊರಿನಲ್ಲಿ ಅಕ್ಷರದಿಂದ ದೂರವಿದ್ದ ಸಮುದಾಯಗಳ ಹುಡುಗರಿಗೆ ಅಕ್ಷರ ಕೊಟ್ಟ ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ಇಂಥ ಸಂಘಗಳ ಆಶ್ರಯದಲ್ಲಿಯೇ ನಡೆದವು ಎಂಬುದೂ ಅಷ್ಟೇ ನಿಜ.

ವಲಸೆಯ ಸರಪಳಿಯನ್ನು ಗಮನಿಸಿದರೆ ಬಂಧುತ್ವದ ರಚನೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಳಿಯಸಂತಾನದ ಕಟ್ಟಿನಲ್ಲಿ ಹುಡುಗನ ಹೊಣೆ ಸೋದರಮಾವನದು. ಮುಂಬಯಿಯಲ್ಲಿ ಒಂದು ಗಲ್ಲೆಯ ಹಿಂದೆ ಕೂರುವಷ್ಟು ಬೆಳೆದ ಮಾವ ಊರಿನಿಂದ ಅಳಿಯನನ್ನು ಕರೆಸಿಕೊಳ್ಳುವುದು ಈ ಹೊಣೆಯ ಮುಂದುವರಿಕೆಯೇ ಆಗಿತ್ತು. ಹಾಗೆ ಬಂದ ಹುಡುಗ ಮೊದಲು ತೊಳೆಯುವವನು, ಅನಂತರ ಮೇಜು ಒರೆಸುವವನು, ಆಮೇಲೆ ತಿಂಡಿ ಒಯ್ಯುವ ಮಾಣಿ. ಅಡುಗೆಮನೆಯ ಭಟ್ಟರ ಹುದ್ದೆ ಮಾತ್ರ ಬಹುಕಾಲ ಬ್ರಾಹ್ಮಣರ ಕೈಯಲ್ಲಿಯೇ ಇತ್ತು. ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಊಟದ ಮನೆಗಳು ಪ್ರಸಿದ್ಧವಾದವು. ಅವುಗಳ ಹೆಸರಿನೊಂದಿಗೆ ‘ಉಡುಪಿ’ ಎಂಬ ಊರು ಒಂದು ರುಚಿಯ ಹೆಸರಾಯಿತು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಿದ, ರಾತ್ರಿ ಶಾಲೆಯಿಂದ ತೂಕಡಿಸುತ್ತ ಬಂದ ಹುಡುಗರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಸುಲಭವಾಗಿ ಸಿಗದು. ಗೆದ್ದವರು ತಮ್ಮ ಬಾಲ್ಯದ ಕಷ್ಟವನ್ನು ಮುಂದೆ ಹೇಳಿಕೊಂಡರು. ಗೆಲ್ಲದವರು ಊರಿಗೆ ಮರಳಿದರು, ಇಲ್ಲವೆ ಚಾಳುಗಳಲ್ಲಿ ಸದ್ದಿಲ್ಲದೆ ಕಳೆದುಹೋದರು. 2006ರ ಅಕ್ಟೋಬರಿನಲ್ಲಿ ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧಕ್ಕೊಳಗಾದಾಗ ಈ ಬಗೆಯ ವಲಸೆಯ ಒಂದು ಅಧ್ಯಾಯ ಕಾನೂನಿನ ಮಟ್ಟಿಗೆ ಮುಗಿಯಿತು.

ಇನ್ನು ವಸತಿಯ ವಿಚಾರ. ಊರಿನ ಮನೆಯೆಂದರೆ ಅಂಗಳ, ತುಳಸಿಕಟ್ಟೆ, ಬಾವಿ, ಹಟ್ಟಿ, ನಾಗಬನ, ದೈವದ ಮಂಚವಿರುವ ಕೋಣೆ. ಮುಂಬಯಿಯ ಮನೆಯೆಂದರೆ ಒಂದು ಖೋಲಿ. ಚಾಳಿನ ಉದ್ದನೆಯ ಪಡಸಾಲೆಗೆ ತೆರೆದುಕೊಳ್ಳುವ ಆ ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಬಾಣಂತನ ಎಲ್ಲವೂ ನಡೆಯಬೇಕು. ನೀರು ನಿಗದಿತ ಹೊತ್ತಿಗೆ, ಸಾಲಿನಲ್ಲಿ. ಇಲ್ಲಿ ದೇವರಿಗೆ ಗೋಡೆಯ ಮೇಲೊಂದು ಹಲಗೆ ಸಿಕ್ಕಿತು. ದೈವಕ್ಕೆ ಏನೂ ಸಿಗಲಿಲ್ಲ.

ಇದು ಜಾಗದ ಅಭಾವದಿಂದ ಮಾತ್ರ ಆದದ್ದಲ್ಲ. ಪಾಡ್ದನಗಳ ಲೋಕದಲ್ಲಿ ದೈವಗಳೇ ಮೊದಲ ವಲಸಿಗರು. ಅವು ಘಟ್ಟ ಇಳಿಯುತ್ತವೆ, ಹೊಳೆ ದಾಟುತ್ತವೆ, ದಾರಿಹೋಕನ ತಾಳೆಗರಿಯ ಕೊಡೆಯಲ್ಲಿ ಅಡಗಿ ಇನ್ನೊಂದು ಊರಿಗೆ ಬರುತ್ತವೆ. ಮೊಗವೀರರು ಆರಾಧಿಸುವ ಬೊಬ್ಬರ್ಯನ ಕಥೆಯಂತೂ ಕಡಲ ವ್ಯಾಪಾರದ್ದೇ ಕಥೆ. ಆದರೆ ಬಂದ ದೈವವು ಅಲ್ಲಿ ಒಂದು ನೆಲೆಯನ್ನು ಕೇಳುತ್ತದೆ; ಊರಿನ ಒಡೆಯರು ಒಪ್ಪಿ, ಕಲ್ಲು ಹಾಕಿ, ವರ್ಷಾವಧಿಯ ನೇಮವನ್ನು ನಿಗದಿಪಡಿಸಿದ ಮೇಲೆಯೇ ಅದು ಆ ಮಣ್ಣಿನ ದೈವವಾಗುತ್ತದೆ. ಅದರ ಅಧಿಕಾರಕ್ಕೆ ಗಡಿಯಿದೆ. ನೇಮ ನಡೆಯಲು ಪಾಡ್ದನ ಬಲ್ಲ, ಕಟ್ಟುಕಟ್ಟಳೆಯ ಹಕ್ಕುಳ್ಳ ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದರು ಬೇಕು. ಬಾಡಿಗೆಯ ಖೋಲಿಯಲ್ಲಿ ಇರುವವನು ಒಡೆಯನೂ ಅಲ್ಲ, ಅವನಿಗೆ ಗಡಿಯೂ ಇಲ್ಲ. ಕೊಡೆಯಲ್ಲಿ ಕುಳಿತು ದೈವ ಮುಂಬಯಿಗೆ ಬಂದಿತೆಂದೇ ಭಾವಿಸಿದರೂ ನೆಲೆ ಕೊಡುವವರು ಯಾರು? ಈ ತೊಡಕನ್ನು ಬಿಡಿಸಲು ವಲಸಿಗರು ಕಂಡುಕೊಂಡ ದಾರಿ ಮುಡಿಪು. ಮಗು ಕಾಯಿಲೆ ಬಿದ್ದರೆ, ಕೆಲಸ ಹೋದರೆ, ನಾಣ್ಯವೊಂದನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿ ಊರಿನ ದೈವವನ್ನು ನೆನೆದು ಹಲಗೆಯ ಮೇಲಿಡುವುದು. ಊರಿಗೆ ಹೋದಾಗ ಅದನ್ನು ಒಪ್ಪಿಸುವುದು. ಗಂಟು ಬಿಚ್ಚುವ ಜಾಗ ಮುಂಬಯಿಯಲ್ಲಿ ಇಲ್ಲ. ಆ ಕಾರಣದಿಂದ ಊರಿಗೆ ಹೋಗುವುದು ಬಯಕೆಯಷ್ಟೇ ಆಗಿ ಉಳಿಯದೆ ತೀರಿಸಬೇಕಾದ ಋಣವಾಯಿತು. ಮುಂದೆ ಉಪನಗರಗಳಲ್ಲಿ ದೈವಗಳ ಗುಡಿಗಳೂ ಗರೋಡಿಗಳೂ ಕಾಣಿಸಿಕೊಂಡವು. ಆದರೂ ಮೂಲಸ್ಥಾನದ ಹರಕೆಯನ್ನು ಅವುಗಳಲ್ಲಿ ತೀರಿಸಲಾಗದೆಂಬ ಭಾವನೆ ಹಳೆಯ ತಲೆಮಾರಿನಲ್ಲಿ ಗಟ್ಟಿಯಾಗಿಯೇ ಉಳಿದಿದೆ.

ನೆಲ ಬೇಡದ ಆಚರಣೆಗಳು ಮಾತ್ರ ನಗರದಲ್ಲಿ ಸಲೀಸಾಗಿ ಬೆಳೆದವು. ಭಜನಾ ಮಂಡಳಿಗಳು, ಶನಿಗ್ರಂಥ ಪಾರಾಯಣ, ಶನಿಪೂಜೆ ಇವುಗಳಿಗೆ ಬೇಕಾದದ್ದು ಒಂದು ಗ್ರಂಥ, ಒಂದು ದೀಪ, ಓದಿ ಅರ್ಥ ಹೇಳುವ ಇಬ್ಬರು. ಊರಿನಲ್ಲಿ ಇವು ಆರಾಧನೆಯ ಅಂಚಿನಲ್ಲಿದ್ದವು. ಮುಂಬಯಿಯಲ್ಲಿ ಸಮುದಾಯವನ್ನು ಕೂಡಿಸುವ ಮುಖ್ಯ ಸಂದರ್ಭಗಳಾದವು. ಯಕ್ಷಗಾನದ್ದು ಇನ್ನೊಂದು ಬಗೆ. ಪತ್ತನಾಜೆಯ ನಂತರ ಬಿಡುವಾಗುವ ಕಲಾವಿದರು ತಂಡ ಕಟ್ಟಿಕೊಂಡು ಮಳೆಗಾಲದಲ್ಲಿ ಮುಂಬಯಿಗೆ ಹೋಗುವ ರೂಢಿ ಬೆಳೆಯಿತು. ಗದ್ದೆಯ ಬಯಲಿನಲ್ಲಿ ಬೆಳಗಿನವರೆಗೆ ನಡೆಯಬೇಕಾದ ಆಟ ಇಲ್ಲಿ ಸಭಾಗೃಹದೊಳಗೆ ಕೆಲವೇ ತಾಸುಗಳದಾಯಿತು. ಪ್ರೇಕ್ಷಕ ಕೊನೆಯ ಲೋಕಲ್ ರೈಲು ಹಿಡಿಯಬೇಕಲ್ಲ! ಕಾಲಮಿತಿ ಪ್ರಯೋಗಗಳ ಚರ್ಚೆಯಲ್ಲಿ ಊರಿನ ಪ್ರೇಕ್ಷಕರ ಬದಲಾದ ಅಭಿರುಚಿಯನ್ನಷ್ಟೇ ಹೊಣೆಯಾಗಿಸುವವರು ಮುಂಬಯಿಯ ಈ ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅರ್ಥಪಲ್ಲಟಕ್ಕೆ ಆಟಿ ತಿಂಗಳಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ಕೃಷಿಕರ ಪಾಲಿಗೆ ಕೊರತೆಯ ಕಾಲ. ಕಣಜ ಬರಿದಾಗಿರುತ್ತಿತ್ತು, ಕೆಲಸವಿರಲಿಲ್ಲ, ರೋಗಗಳು ಹೆಚ್ಚು. ತಜಂಕಿನ ಸೊಪ್ಪು, ಕಣಿಲೆ, ಕೆಸುವಿನ ಎಲೆಯ ಪತ್ರೊಡೆ ಇವು ಆ ಬಡತನದ ಅಡುಗೆಗಳು. ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತಂದ ಹಾಲೆಮರದ ತೊಗಟೆಯ ಕಷಾಯ ಔಷಧ. ಮಾರಿ ಕಳೆಯಲೆಂದು ಆಟಿ ಕಳೆಂಜ ಮನೆಮನೆಗೆ ಬರುತ್ತಿದ್ದ. ಮುಂಬಯಿಯ ಸಂಘಗಳು ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಇದನ್ನು ಸಭಾಗೃಹದ ಸಮಾರಂಭವಾಗಿ ನಡೆಸುತ್ತವೆ. ಹತ್ತಾರು ಬಗೆಯ ಖಾದ್ಯಗಳನ್ನು ಸಾಲಾಗಿ ಇಡಲಾಗುತ್ತದೆ. ಹಸಿವಿನ ತಿಂಗಳು ಔತಣದ ದಿನವಾಗಿದೆ. ಇದನ್ನು ಅಣಕವೆಂದು ತಳ್ಳಿಹಾಕುವುದು ದುಡುಕಾದೀತು. ಉಣ್ಣಲು ಗತಿಯಿಲ್ಲದೆ ಊರು ಬಿಟ್ಟವರ ಮಕ್ಕಳು ಆ ಹಸಿವಿನ ಅಡುಗೆಯನ್ನೇ ಬಾಳೆಲೆಯಲ್ಲಿ ಬಡಿಸಿಕೊಳ್ಳುವುದರಲ್ಲಿ ಒಂದು ಬಗೆಯ ಶ್ರಾದ್ಧದ ಭಾವವೂ ಇದೆ. ಆದರೆ ಕಳೆಂಜನ ವೇಷ ಕಟ್ಟುತ್ತಿದ್ದ ನಲಿಕೆಯವರು ಆ ಸಾಲಿನಲ್ಲಿ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ.

ಹೆಂಗಸರ ಪಾಲು ಎರಡು ಬಗೆಯದು. ಗಂಡ ಮುಂಬಯಿಗೆ ಹೋದ ಮೇಲೆ ಊರಿನಲ್ಲಿ ಉಳಿದವಳು ಬೀಡಿ ಕಟ್ಟುತ್ತ, ಗದ್ದೆ ನೋಡುತ್ತ, ಅವನ ಮನಿಯಾರ್ಡರಿಗೆ ಕಾದಳು. ಆ ಫಾರಮಿನ ತುದಿಯಲ್ಲಿ ಕೆಲವು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಎಷ್ಟೋ ದಾಂಪತ್ಯಗಳು ಅಷ್ಟರಲ್ಲಿಯೇ ಮಾತಾಡಿದವು. ಮದುವೆಯಾಗಿ ಮುಂಬಯಿಗೇ ಹೋದವಳು ಬೇರೆ ಬಗೆಯ ನಷ್ಟವನ್ನು ಅನುಭವಿಸಿದಳು. ನಾಟಿಯ ಗದ್ದೆಯಲ್ಲಿ ಬಾಗಿ ನಿಂತ ಸಾಲಿನ ನಡುವೆ ಒಬ್ಬಳು ಎತ್ತಿಕೊಟ್ಟು ಉಳಿದವರು ಸೊಲ್ಲು ಹಿಡಿಯುವ ಓಬೇಲೆಗೆ, ಅದೇ ಲಯದಲ್ಲಿ ಗಂಟೆಗಟ್ಟಲೆ ಸಾಗುವ ಪಾಡ್ದನಕ್ಕೆ ಖೋಲಿಯಲ್ಲಿ ಸಂದರ್ಭವೇ ಇಲ್ಲ. ಜನಪದ ಸಾಹಿತ್ಯ ಸಂಗ್ರಾಹಕರು ಊರಿನ ಹಳ್ಳಿಗಳನ್ನು ಸುತ್ತಿದರು; ಮುಂಬಯಿಯ ಚಾಳುಗಳಲ್ಲಿ ಹಾಡು ನಿಲ್ಲಿಸಿದ ಹಾಡುಗಾರ್ತಿಯರ ಬಾಗಿಲು ತಟ್ಟಿದವರು ವಿರಳ. ಯಶವಂತ ಚಿತ್ತಾಲರ ‘ಶಿಕಾರಿ’ಯಂತಹ (1979) ಕಾದಂಬರಿಗಳ ಮೂಲಕ ಕನ್ನಡದ ಬರಹಲೋಕ ಮುಂಬಯಿಯನ್ನು ಆಳವಾಗಿ ಶೋಧಿಸಿದೆ. ಮೌಖಿಕ ಲೋಕಕ್ಕೆ ಅಂತಹ ಭಾಗ್ಯ ಒದಗಲಿಲ್ಲ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಕಥನವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿತು. ಗೇಣಿಯ ಅಕ್ಕಿಯ ಬಲದಲ್ಲಿ ನೇಮ ನಡೆಸುತ್ತಿದ್ದ ಗುತ್ತಿನ ಮನೆಗಳು ಭೂಮಿ ಕಳೆದುಕೊಂಡು ಬಡವಾದವು; ಅನೇಕ ಕಡೆ ನೇಮಗಳು ನಿಂತವು ಅಥವಾ ಕುಗ್ಗಿದವು. ಮುಂದಿನ ದಶಕಗಳಲ್ಲಿ ಅವುಗಳನ್ನು ಎತ್ತಿ ನಿಲ್ಲಿಸಿದ ಹಣದಲ್ಲಿ ದೊಡ್ಡ ಪಾಲು ಮುಂಬಯಿಯದು. ಜೀರ್ಣೋದ್ಧಾರದ ಆಮಂತ್ರಣ ಪತ್ರಿಕೆಗಳಲ್ಲಿ ‘ಮುಂಬಯಿ ಸಮಿತಿ’ ಎಂಬ ಪ್ರತ್ಯೇಕ ಪಟ್ಟಿ ಕಾಣಿಸಿಕೊಂಡಿತು. ಮಣ್ಣಿನ ಗೋಡೆಯ ಸಾನಗಳು ಕಗ್ಗಲ್ಲಿನ ಗುಡಿಗಳಾದವು. ಬ್ರಹ್ಮಕಲಶೋತ್ಸವಗಳು ಮುಂಬಯಿಯ ಶಾಲೆಗಳಿಗೆ ರಜೆಯಿರುವ ದಿನಗಳತ್ತ ಸರಿದವು. ನೇಮದ ಕಳದಲ್ಲಿ ದೈವವು ಗುತ್ತು, ಬರ್ಕೆಗಳ ಹಿರಿಯರನ್ನು ಕ್ರಮವಾಗಿ ಕರೆದು ಮಾತಾಡಿಸುವ ಪದ್ಧತಿ ಇಂದಿಗೂ ಇದೆ. ಆ ಕ್ರಮದಲ್ಲಿ ಹೆಸರಿಲ್ಲದ ಮನೆಯವನು, ಅಂದರೆ ಅದೇ ಗುತ್ತಿನ ಒಕ್ಕಲಾಗಿದ್ದವನ ಮಗ, ಮುಂಬಯಿಯಿಂದ ಹಣ ತಂದು ಸಮಿತಿಯ ಪದಾಧಿಕಾರಿಯಾಗಿ ಬಂದಾಗ ಅವನು ಎಲ್ಲಿ ನಿಲ್ಲಬೇಕು ಎಂಬುದು ಹಲವೆಡೆ ವಿವಾದವಾಗಿದೆ. ಕಟ್ಟುಕಟ್ಟಳೆಯನ್ನು ಬದಲಿಸದೆ ಅವನನ್ನು ಪ್ರತ್ಯೇಕವಾಗಿ ಶಾಲು ಹೊದಿಸಿ ಗೌರವಿಸುವ ಸಭಾ ಕಾರ್ಯಕ್ರಮವೊಂದು ನೇಮಕ್ಕೆ ಮೊದಲು ಸೇರಿಕೊಂಡದ್ದು ಈ ಇಕ್ಕಟ್ಟಿನಿಂದಲೇ ಎಂದು ತೋರುತ್ತದೆ.

ಮುಂಬಯಿಯಲ್ಲಿ ಹುಟ್ಟಿದ ಮೂರನೆಯ ತಲೆಮಾರು ಮನೆಯಲ್ಲಿ ತುಳು ಆಡುತ್ತದೆ. ಕನ್ನಡ ಶಾಲೆಗಳು ಕ್ಷೀಣಿಸಿದ ಮೇಲೆ ಅದಕ್ಕೆ ಕನ್ನಡ ಲಿಪಿ ಬಹುಮಟ್ಟಿಗೆ ಅಪರಿಚಿತ. ಊರಿನ ನೇಮದ ಕರೆಯೋಲೆಯನ್ನು ಅಜ್ಜಿ ಓದಿ ಹೇಳುತ್ತಾಳೆ, ಮೊಮ್ಮಗ ದಿನಾಂಕವನ್ನು ಗುರುತಿಸಿಕೊಂಡು ರೈಲಿನ ಸೀಟು ಕಾಯ್ದಿರಿಸುತ್ತಾನೆ. ಹಲಗೆಯ ಮೇಲಿನ ಮುಡಿಪಿನ ಗಂಟುಗಳಲ್ಲಿ ಯಾವುದು ಯಾವ ದೈವದ್ದೆಂದು ತಿಳಿಯಲು ಈಗ ಚೀಟಿ ಅಂಟಿಸಬೇಕಾಗಿದೆ. ಅವುಗಳ ಮೇಲೆ ಪಂಜುರ್ಲಿ, ಜುಮಾದಿ, ಬೊಬ್ಬರ್ಯ ಎಂಬ ಹೆಸರುಗಳು ನಾಗರಿ ಲಿಪಿಯಲ್ಲಿರುವುದೂ ಉಂಟು.